ಟಿಕ್ ಟಿಕ್ ಅನ್ನುವ ಪಾರ್ಸೆಲ್

ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಗೋಡೆ ಕಾಣುವುದಿಲ್ಲ, ಬರೀ ಗಡಿಯಾರ. ನಮ್ಮ ಮನೆಯವರದು ಗಡಿಯಾರ ರಿಪೇರಿ ಕೆಲಸ. ಈಗ ರಿಪೇರಿಗೆ ಬರುವವರಾದರೂ ಯಾರು? ಎಲ್ಲರ ಜೇಬಿನಲ್ಲೂ ಫೋನಿದೆ. ಗಿರಾಕಿ ಬಾರದಿದ್ದರೂ ಇವರ ಕೈ ಸುಮ್ಮನಿರಬೇಕಲ್ಲ! ಗುಜರಿಯವನ ಹತ್ತಿರ ಕೆಟ್ಟುಹೋದ ಗಡಿಯಾರಗಳನ್ನು ಕೊಳ್ಳುತ್ತಾರೆ, ಬಿಚ್ಚುತ್ತಾರೆ, ತೊಳೆಯುತ್ತಾರೆ, ಎಣ್ಣೆ ಬಿಟ್ಟು ಓಡಿಸುತ್ತಾರೆ, ಗೋಡೆಗೆ ಹಾಕುತ್ತಾರೆ. ಅವು ಅಲ್ಲೇ ಓಡುತ್ತಿರುತ್ತವೆ. ಧೂಳು ಒರೆಸುವವಳು ನಾನು. ಒಂದು ಸಾಲು ಮುಗಿಸಿ ತಿರುಗುವಷ್ಟರಲ್ಲಿ ಮೊದಲಿನ ಸಾಲಿನ ಮೇಲೆ ಮತ್ತೆ ಧೂಳು.

ಪಕ್ಕದ ಮನೆಯವನು ಕುರ್ಚಿಗಳನ್ನು ಬಾಡಿಗೆಗೆ ಕೊಡುತ್ತಾನೆ. ಅವನ ಕಣ್ಣು ಬಹಳ ದಿನದಿಂದ ಈ ಕೋಣೆಯ ಮೇಲಿತ್ತು. ಬಂದಾಗಲೆಲ್ಲ ಅಳತೆ ಟೇಪು ಹಿಡಿದೇ ಬರುತ್ತಿದ್ದ.

"ಅಣ್ಣ, ಈ ಮೇಜು ತೆಗೆದ್ರೆ ಇಲ್ಲಿ ಎಷ್ಟು ಕುರ್ಚಿ ಜೋಡಿಸ್ಬಹುದು ಗೊತ್ತಾ?"

"ಮೇಜು ತೆಗೆದ್ರೆ ನನ್ನನ್ನೂ ಅದರ ಜೊತೆಗೇ ಜೋಡಿಸಿಬಿಡು" ಎಂದು ಇವರು ಗದರುತ್ತಿದ್ದರು. ಆದರೆ ಅವನು ಹೋದ ಮೇಲೆ ಅಡುಗೆಮನೆಗೆ ಬಂದು ಮೆಲ್ಲಗೆ ಹೇಳುತ್ತಿದ್ದರು, "ಕೊಟ್ಟುಬಿಡೋದೇ ಒಳ್ಳೇದೇನೋ ಕಣೇ. ಬಾಡಿಗೆಯಾದ್ರೂ ಬರುತ್ತೆ."

ಅದನ್ನು ಕೇಳಿದಾಗಲೆಲ್ಲ ನನಗೆ ಒಂದೇ ಯೋಚನೆ. ಆ ಮೇಜಿನ ಮುಂದೆ ಕೂರದಿದ್ದರೆ ಈ ಮನುಷ್ಯ ಎಲ್ಲಿ ಕೂರುತ್ತಾರೆ? ಕೂತು ಏನು ಮಾಡುತ್ತಾರೆ?

ನಮ್ಮ ಮಗಳು ಒಂದು ದಾರಿ ಹುಡುಕಿದ್ದಳು. ಗಡಿಯಾರಗಳ ಫೋಟೊ ತೆಗೆದು ಆನ್‌ಲೈನ್ ಹರಾಜಿಗೆ ಹಾಕುತ್ತಿದ್ದಳು. ಹರಾಜೇನೋ ನಡೆಯುತ್ತಿತ್ತು, ಆದರೆ ಇಲ್ಲಿಯವರು ಕೂಗುವ ಬೆಲೆ ಕೇಳಿದರೆ ಅಳಬೇಕೋ ನಗಬೇಕೋ ತಿಳಿಯುತ್ತಿರಲಿಲ್ಲ. ಒಬ್ಬ ಮಹಾನುಭಾವ, "ಎರಡು ತಗೊಂಡ್ರೆ ಒಂದು ಫ್ರೀನಾ?" ಎಂದು ಕೇಳಿದ್ದ. ಇನ್ನೊಬ್ಬ, "ಇದರಲ್ಲಿ ಹಾಡು ಬರುತ್ತಾ?" ಎಂದಿದ್ದ. ಅದೇ ಹೊತ್ತಿಗೆ ಹೊರದೇಶಗಳಿಂದ ಸಂದೇಶಗಳು ಬರುತ್ತಿದ್ದವು: 'ನಮ್ಮ ದೇಶಕ್ಕೆ ಕಳಿಸುತ್ತೀರಾ?'

"ಕಳಿಸೋಣ ಅಪ್ಪ" ಎಂದಳು ಮಗಳು.

"ಬೇಡ."

"ಯಾಕೆ?"

"ಒಡೆದುಹೋಗುತ್ತೆ. ಕಳೆದುಹೋಗುತ್ತೆ. ಬಂದಿಲ್ಲ ಅಂತ ಸುಳ್ಳು ಹೇಳ್ತಾರೆ. ದುಡ್ಡು ವಾಪಸ್ ಕೇಳ್ತಾರೆ. ಅವರೂರಿಗೆ ಹೋಗಿ ನೀನು ಜಗಳ ಆಡ್ತೀಯಾ?"

"ಇಲ್ಲಿಯವರೇನು ಮೋಸ ಮಾಡಲ್ವಾ?"

"ಇಲ್ಲಿಯವರು ಮೋಸ ಮಾಡಿದ್ರೆ ಬಸ್ ಹತ್ತಿ ಹೋಗಿ ಬೈದಾದ್ರೂ ಬರಬಹುದು!"

ಇಬ್ಬರದೂ ಒಂದೇ ಹಟ. ನಡುವೆ ನಾನು. ಒಲೆಯ ಮೇಲೆ ಹಾಲಿಟ್ಟು ಇವರ ವಾದ ಕೇಳುತ್ತ ನಿಂತರೆ ಹಾಲು ಉಕ್ಕಿ ಒಲೆಯೆಲ್ಲ ಹಾಳು.

ಮಗಳು ಕೊನೆಗೆ ತನ್ನಿಷ್ಟದಂತೆಯೇ ಮಾಡಿದಳು. ಯಾರಿಗೂ ಹೇಳದೆ 'ಎಲ್ಲ ದೇಶಗಳಿಗೂ ಕಳಿಸುತ್ತೇವೆ' ಎಂದು ಒತ್ತಿಬಿಟ್ಟಳು. ತಲೆಯ ಮೇಲೆ ಎರಡು ಗಂಟೆಗಳಿರುವ, ಕೀ ಕೊಡುವ ಹಳೆಯ ಅಲಾರಂ ಗಡಿಯಾರವೊಂದನ್ನು ಸಮುದ್ರದಾಚೆಯ ಒಬ್ಬ ಬೇಕರಿಯವನು ಹರಾಜಿನಲ್ಲಿ ಗೆದ್ದ. ಬೆಳಕು ಹರಿಯುವ ಮೊದಲೇ ಎದ್ದು ಹಿಟ್ಟು ನಾದಬೇಕಂತೆ. ಫೋನಿನ ಅಲಾರಂ ಆದರೆ ನಿದ್ದೆಗಣ್ಣಲ್ಲೇ ಆರಿಸಿ ಮಲಗಿಬಿಡುತ್ತಾನಂತೆ. 'ನನ್ನನ್ನು ಬೈದು ಎಬ್ಬಿಸುವ ಗಡಿಯಾರ ಬೇಕು' ಎಂದು ಬರೆದಿದ್ದ.

ಸುದ್ದಿ ತಿಳಿದು ಇವರು ಕೂಗಾಡಿದರು. ಕೂಗಾಡುತ್ತಲೇ ಗಡಿಯಾರವನ್ನು ಕೆಳಗಿಳಿಸಿದರು. ಗೊಣಗುತ್ತಲೇ ಇನ್ನೊಮ್ಮೆ ಒರೆಸಿ ಹೊಳಪು ಕೊಟ್ಟರು. ಪೆಟ್ಟಿಗೆಗೆ ಹಾಕಿ ಅಂಟು ಟೇಪು ಸುತ್ತಿದವರೂ ಅವರೇ. ಮಗಳಿಗೆ ಬೇರೆ ಕೆಲಸವಿತ್ತು. ಹೇಗೂ ತರಕಾರಿಗೆ ಹೋಗುವವಳು ನಾನಲ್ಲವೇ, ಅಂಚೆ ಕಚೇರಿಗೂ ನನ್ನನ್ನೇ ಅಟ್ಟಿದರು.

ಅಂಚೆ ಕಚೇರಿಯಲ್ಲಿ ಉದ್ದ ಸಾಲಿತ್ತು. ನನ್ನ ಸರದಿ ಬಂತು. ಕೌಂಟರಿನ ಹೆಂಗಸು ಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟು ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಅಮ್ಮಾ, ಇದರೊಳಗೆ ಏನಿದೆ?"

"ಗಡಿಯಾರ."

"ಟಿಕ್ ಟಿಕ್ ಅಂತಿದೆಯಲ್ರೀ!"

"ಗಡಿಯಾರ ಮತ್ತೆ ಇನ್ನೇನನ್ನುತ್ತೆ ತಾಯಿ?"

ನಾನು ಹೀಗೆಂದು ಬಾಯಿ ಮುಚ್ಚಿರಲಿಲ್ಲ, ಪೆಟ್ಟಿಗೆಯೊಳಗಿಂದ ಅಲಾರಂ ಹೊಡೆಯತೊಡಗಿತು. ಎಂಥ ಹೊಡೆತ ಅಂತೀರಿ! ತಕ್ಕಡಿ ನಡುಗಿತು. ಸಾಲಿನಲ್ಲಿದ್ದವರು ಚೆಲ್ಲಾಪಿಲ್ಲಿಯಾದರು. ಒಬ್ಬ ಮುದುಕರು ತಮ್ಮ ಕೊಡೆ ಬಿಟ್ಟು ಬಾಗಿಲಾಚೆ ಹೋದರು. ಕೌಂಟರಿನವಳು ಕುರ್ಚಿಯ ಹಿಂದೆ ಅಡಗಿಕೊಂಡು, "ನಿಲ್ಲಿಸ್ರೀ ಅದನ್ನ!" ಎಂದು ಕಿರುಚಿದಳು. ನಾನು ಹೇಗೆ ನಿಲ್ಲಿಸಲಿ? ಇವರು ಸುತ್ತಿದ್ದ ಟೇಪು ಅಷ್ಟಿಷ್ಟಲ್ಲ. ಚೀಲದಲ್ಲಿದ್ದ ಮನೆಯ ಬೀಗದ ಕೈಯಿಂದ ಕೊಯ್ದು, ಹರಿದು, ಬೆವರಿ, ಎಲ್ಲರ ಎದುರಿಗೆ ಗಡಿಯಾರ ಹೊರತೆಗೆಯುವ ಹೊತ್ತಿಗೆ ಅದೇ ಸುಸ್ತಾಗಿ ನಿಂತಿತ್ತು.

"ಓಡೋ ಗಡಿಯಾರನ ಯಾರಾದ್ರೂ ಪಾರ್ಸೆಲ್ ಮಾಡ್ತಾರೇನಮ್ಮಾ?" ಎಂದಳು ಆಕೆ. ಮುಖ ಇನ್ನೂ ಬಿಳಿಚಿಕೊಂಡಿತ್ತು. "ಇಲ್ಲಾಗಿದ್ದಕ್ಕೆ ಆಯ್ತು. ಸಾಮಾನು ವಿಂಗಡಿಸೋ ಜಾಗದಲ್ಲಿ ಹೊಡೆದಿದ್ರೆ ಬಾಂಬು ಅಂದ್ಕೊಂಡು ಕಟ್ಟಡನೇ ಖಾಲಿ ಮಾಡಿಸ್ತಿದ್ರು."

ಅದೂ ಸಾಲದೆಂಬಂತೆ, ಮಗಳು ಬೇಕರಿಯವನಿಂದ ತೆಗೆದುಕೊಂಡಿದ್ದ ಅಂಚೆ ವೆಚ್ಚ ನಮ್ಮ ದೇಶದೊಳಗಿನ ದರವಂತೆ. ಹೊರದೇಶದ ದರ ಬೇರೆಯೇ. ಗಡಿಯಾರವನ್ನೂ ಪೆಟ್ಟಿಗೆಯ ಚೂರುಗಳನ್ನೂ ತರಕಾರಿಯನ್ನೂ ಒಂದೇ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದೆ.

"ಕೀ ಕೊಟ್ಟು ಕಳಿಸಿದ್ರಾ?" ಎಂದು ಇವರನ್ನು ಕೇಳಿದೆ.

"ಮತ್ತೆ? ನಮ್ಮಪ್ಪನ ಕಾಲದಿಂದ ಈ ಮೇಜಿನಿಂದ ನಿಂತ ಗಡಿಯಾರ ಆಚೆ ಹೋಗಿಲ್ಲ. ಓಡಿಸಿ ಗಿರಾಕಿ ಕೈಗೆ ಕೊಡಬೇಕು. ಅಲಾರಮ್ಮಿಗೂ ಪೂರ್ತಿ ಕೀ ಕೊಟ್ಟಿದ್ದೆ. ಹೊಡೀತಲ್ಲ? ಸರಿಯಾಗೇ ಹೊಡೀತಲ್ಲ?"

ನಾನು ತಲೆಯ ಮೇಲೆ ಕೈಹೊತ್ತು ಕೂತೆ.

"ನಾನು ಮೊದಲೇ ಹೇಳಿದ್ದೆ, ಹೊರದೇಶದ ಸಹವಾಸ ಬೇಡ ಅಂತ" ಎಂದರು. ಗೆದ್ದವರ ಮುಖ. ಮಗಳು ಬಾಗಿಲು ದಬಾರನೆ ಹಾಕಿಕೊಂಡಳು. ಗೋಡೆಯ ಗಡಿಯಾರಗಳೆಲ್ಲ ಒಮ್ಮೆ ಅದುರಿದವು.

ಸಂಜೆ ಗುಂಡಿ ಅಕ್ಕ ಬಂದಳು. ಹಿಂದಿನ ಬೀದಿಯವಳು. ಹಳೆಯ ಕೋಟು, ಅಂಗಿಗಳ ಗುಂಡಿಗಳನ್ನು ಕೂಡಿಹಾಕಿ, ತೊಳೆದು, ಜೋಡಿ ಮಾಡಿ ಹರಾಜಿನಲ್ಲಿ ಮಾರುತ್ತಾಳೆ. ಕೊಳ್ಳುವವರು ಬಹುಪಾಲು ಹೊರದೇಶದವರೇ. ಅದಕ್ಕೇ ಎಲ್ಲರೂ ಅವಳನ್ನು ಗುಂಡಿ ಅಕ್ಕ ಅನ್ನುವುದು. ಅಂಚೆ ಕಚೇರಿಯ ಸಂಗತಿ ಅಷ್ಟು ಹೊತ್ತಿಗೆ ಅವಳ ಬೀದಿಯನ್ನೂ ತಲುಪಿತ್ತು.

"ಏನೇ, ಅಂಚೆ ಕಚೇರಿನೇ ಎಬ್ಬಿಸಿಬಂದ್ಯಂತೆ?" ಎಂದು ನಗುತ್ತಲೇ ಒಳಬಂದಳು.

"ನಗಬೇಡ ಅಕ್ಕ, ಮೈಯೆಲ್ಲ ಉರೀತಿದೆ. ಈ ಅಪ್ಪ ಮಗಳಿಗೆ ನೀನೇ ಏನಾದ್ರೂ ಹೇಳು."

ಇವರು ಮೇಜಿನಿಂದ ತಲೆಯೆತ್ತಲಿಲ್ಲ. "ಗುಂಡಿ ಬೇರೆ, ಗಡಿಯಾರ ಬೇರೆ. ಗುಂಡಿ ಒಡೆಯುತ್ತಾ?"

"ಗುಂಡಿ ಒಡೆಯಲ್ಲ ಅಣ್ಣ, ಕಳೆದುಹೋಗುತ್ತೆ. ಶುರುವಲ್ಲಿ ನಾನು, ಪಾರ್ಸೆಲ್ ಎಲ್ಲಿದೆ ಅಂತ ತೋರಿಸೋ ಟ್ರ್ಯಾಕಿಂಗ್ ನಂಬರೇ ಇಲ್ಲದೆ ಸಾದಾ ಕವರಲ್ಲಿ ಕಳಿಸ್ತಿದ್ದೆ, ಅಗ್ಗ ಅಂತ. ಒಬ್ಬಳು ಬಂದಿಲ್ಲ ಅಂದ್ಲು. ಬಂತೋ ಬಿಡ್ತೋ ದೇವರೇ ಬಲ್ಲ. ನನ್ನ ಹತ್ರ ಸಾಕ್ಷಿ ಏನಿತ್ತು? ದುಡ್ಡು ವಾಪಸ್ ಕೊಟ್ಟೆ. ಅವತ್ತಿಂದ ಟ್ರ್ಯಾಕಿಂಗ್ ಇಲ್ಲದೆ ಒಂದು ಗುಂಡಿನೂ ಮನೆ ದಾಟಿಲ್ಲ. ಬೆಲೆಬಾಳೋದಾದ್ರೆ ವಿಮೆನೂ ಮಾಡಿಸ್ತೀನಿ."

"ನೋಡು, ನಿನಗೂ ಮೋಸ ಆಗಿದೆ!"

"ಇಲ್ಲಿಯವರಿಂದ ಅದಕ್ಕಿಂತ ಜಾಸ್ತಿ ಆಗಿದೆ ಅಣ್ಣ. ಅದಕ್ಕೆ ಅಂತ ಅಂಗಡಿ ಮುಚ್ಚಿದ್ನಾ?"

ಅಷ್ಟರಲ್ಲಿ ಮಗಳ ಕೋಣೆಯ ಬಾಗಿಲು ಸ್ವಲ್ಪ ತೆರೆಯಿತು. ಗುಂಡಿ ಅಕ್ಕ ಅತ್ತ ತಿರುಗಿದಳು. "ನಿಂಗೂ ಇದೆ ಬಾ ಇಲ್ಲಿ. ಎಲ್ಲ ದೇಶಕ್ಕೂ ಕಳಿಸ್ತೀವಿ ಅಂತ ಒತ್ತಿದ್ಯಂತೆ? ಯಾರು ಹೇಳಿದ್ರು ಹಾಗೆ ಒತ್ತೋಕೆ?"

"ಜಾಸ್ತಿ ಜನ ಬೆಲೆ ಕೂಗ್ತಾರೆ ಅಂತ ಆಂಟಿ..."

"ಕೂಗ್ತಾರೆ. ಆಮೇಲೆ ಅಂಚೆ ವೆಚ್ಚ ಯಾರು ಕಟ್ತಾರೆ? ಮೊದಲು ಸಾಮಾನು ಪೆಟ್ಟಿಗೆಗೆ ಹಾಕು, ತೂಕ ಮಾಡು, ಯಾವ ದೇಶಕ್ಕೆ ಎಷ್ಟು ಅಂತ ವಿಚಾರಿಸು. ಹರಾಜಿಗೆ ಹಾಕೋದು ಆಮೇಲೆ. ನಾನು ಟ್ರ್ಯಾಕಿಂಗ್ ಸರಿಯಾಗಿ ತೋರಿಸೋ ನಾಲ್ಕಾರು ದೇಶಗಳನ್ನ ಮಾತ್ರ ಇಟ್ಕೊಂಡಿದೀನಿ. ಬೇರೆಯವರು ಕೇಳಿದ್ರೆ ಕೈಮುಗಿದು ಆಗಲ್ಲ ಅಂತೀನಿ."

ಮಗಳು ಮೆಲ್ಲಗೆ ಫೋನು ಮುಂದೆ ಹಿಡಿದಳು. "ಆಂಟಿ, ಆ ಬೇಕರಿಯವರು ಇನ್ನೊಂದು ಕೇಳಿದ್ದಾರೆ. ಪಾರ್ಸೆಲ್ ಮೇಲೆ 'ಉಡುಗೊರೆ' ಅಂತ ಬರೀಬೇಕಂತೆ. ಅಲ್ಲಿ ತೆರಿಗೆ ತಪ್ಪುತ್ತಂತೆ."

"ಬರೆದ್ಯೋ, ಕೆಟ್ಟೆ! ಮಾರಿದ್ದನ್ನ ಮಾರಿದ್ದು ಅಂತಲೇ ಬರೀಬೇಕು, ನಿಜವಾದ ಬೆಲೆನೇ ಬರೀಬೇಕು. ಸುಳ್ಳು ಬರೆದು ಸಿಕ್ಕಿಬಿದ್ರೆ ಸಹಿ ಹಾಕಿದವಳು ನೀನು, ಅವನಲ್ಲ. ಬೆಲೆ ಕಡಿಮೆ ಬರೆದ್ರೆ ಕಳೆದುಹೋದಾಗ ವಿಮೆಯವರೂ ಅಷ್ಟೇ ಕೊಡೋದು. ನಿಮ್ಮೂರಿನ ತೆರಿಗೆ ನೀವೇ ಕಟ್ಕೋಬೇಕು ಅಂತ ಹರಾಜಿಗೆ ಹಾಕುವಾಗಲೇ ಬರೆದುಬಿಡು. ದುಡ್ಡು ಹರಾಜಿನ ವೆಬ್‌ಸೈಟ್ ಬಿಟ್ಟು ಬೇರೆ ಕಡೆಯಿಂದ ಕಳಿಸ್ತೀನಿ ಅಂದ್ರೆ ಅದಕ್ಕೂ ಒಪ್ಪಬೇಡ."

ಇವರು ಕಣ್ಣಿಗೆ ಕಚ್ಚಿಕೊಂಡಿದ್ದ ಭೂತಗನ್ನಡಿ ತೆಗೆದರು. ಕಿವಿ ಇತ್ತಲೇ ಇತ್ತೆಂದು ನನಗೆ ಗೊತ್ತಿತ್ತು.

"ಕತ್ತಲಲ್ಲಿ ಹೊಳೆಯೋ ಮುಳ್ಳಿನ ಗಡಿಯಾರ ಎರಡಿವೆ" ಎಂದರು. "ಹಳೇ ಕಾಲದ ಆ ಬಣ್ಣ ಒಳ್ಳೇದಲ್ಲ ಅಂತಾರೆ. ಅದನ್ನೂ ಕಳಿಸಬಹುದಾ?"

"ಕೆಲವಕ್ಕೆ ವಿಕಿರಣ ಸೂಸೋ ರೇಡಿಯಂ ಬಳಿದಿರ್ತಾರಂತೆ ಅಣ್ಣ. ಅಂಥದ್ದನ್ನ ಅಂಚೆಗೆ ಹಾಕೋ ಹಾಗಿಲ್ಲ. ಅನುಮಾನ ಬಂದ್ರೂ ಕಳಿಸಬೇಡಿ. ಬ್ಯಾಟರಿಗೂ ಬೇರೆ ನಿಯಮ ಇದೆ. ಪ್ರತಿ ದೇಶದ್ದೂ ಒಂದೊಂದು ನಿಷೇಧ. ನಂಗೂ ಎಲ್ಲ ಬಾಯಿಪಾಠ ಬರಲ್ಲ, ಪ್ರತಿಸಲ ಅಂಚೆಯವರ ಪಟ್ಟಿ ನೋಡೇ ಹಾಕೋದು."

ಇವರು ಎದ್ದು ಹೋಗಿ ಆ ಎರಡು ಗಡಿಯಾರಗಳನ್ನು ಬೇರೆ ಇಟ್ಟರು. ನಾನೂ ಗುಂಡಿ ಅಕ್ಕನೂ ಮುಖ ಮುಖ ನೋಡಿಕೊಂಡೆವು. ದಾರಿಗೆ ಬಂದರು ಅಂದುಕೊಂಡೆ. ಎಲ್ಲಿ ಬಂದರು?

"ಎಲ್ಲ ಸರಿ. ನಿಂತ ಗಡಿಯಾರ ಮಾತ್ರ ನಾನು ಕಳಿಸಲ್ಲ" ಎಂದರು.

"ಅಪ್ಪಾ!"

"ನಿಂತ ಗಡಿಯಾರ ನೋಡಿದವನು ಏನಂದ್ಕೋತಾನೆ? ಇವನಿಗೆ ರಿಪೇರಿ ಬರಲ್ಲ ಅಂದ್ಕೋತಾನೆ."

ನನಗೆ ಸಾಕುಸಾಕಾಗಿಹೋಯಿತು. "ರೀ, ಅದು ಓಡ್ತಾ ಇದ್ರೆ ಅಂಚೆಯವರು ಮುಟ್ಟಲ್ಲ. ನಿಂತಿದ್ರೆ ನೀವು ಬಿಡಲ್ಲ. ಹಾಗಾದ್ರೆ ನಾನೇ ಎತ್ಕೊಂಡು ಈಜ್ಕೊಂಡು ಹೋಗಲಾ ಅವನೂರಿಗೆ?"

ಎಲ್ಲರೂ ನಕ್ಕರು, ಇವರೊಬ್ಬರನ್ನು ಬಿಟ್ಟು. ಆಗ ನನಗೆ ಅರ್ಥವಾಯಿತು. ಇವರ ಭಯ ಮೋಸದ್ದಲ್ಲ, ಕಳೆದುಹೋಗುವುದರದ್ದೂ ಅಲ್ಲ. ಗಿರಾಕಿಯ ಮುಂದೆ ಗಡಿಯಾರ ಓಡಿಸಿ ತೋರಿಸಲಾಗದ ಸಂಕಟ. ಸಿಟ್ಟು ಇಳಿಯಿತು. ಪಕ್ಕದಲ್ಲಿ ಹೋಗಿ ಕೂತೆ.

"ನೀವು ಇಲ್ಲೇ ಕೀ ಕೊಟ್ಟು ಓಡಿಸಿ, ಅವಳು ವಿಡಿಯೊ ಮಾಡ್ತಾಳೆ. ನಿಮ್ಮ ಕೈ ಕಾಣಲಿ, ಅಲಾರಂ ಕೇಳಿಸಲಿ. ಆಮೇಲೆ ನಿಲ್ಲಿಸಿ, ಪೆಟ್ಟಿಗೆಗೆ ಹಾಕೋದನ್ನೂ ತೆಗೀಲಿ. ಮೊದಲು ಅದು ಅವನಿಗೆ ಹೋಗಲಿ, ಹಿಂದೆ ಗಡಿಯಾರ ಹೋಗಲಿ. ಆಗ ಓಡಿಸೇ ಕೊಟ್ಟ ಹಾಗಲ್ವಾ?"

"ನಾಳೆ ಒಡೆದಿದೆ ಅಂತ ಅವನು ಅಂದ್ರೂ ಒಳ್ಳೇ ಸಾಕ್ಷಿ ಅದು" ಎಂದಳು ಗುಂಡಿ ಅಕ್ಕ.

ಇವರು ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ಅಂಗಿಯ ತೋಳು ಸರಿಮಾಡಿಕೊಂಡರು. "ಉಗುರು ಕೊಳೆ ಇದೆ. ಕೈ ತೊಳ್ಕೊಂಡು ಬರ್ತೀನಿ ಇರು" ಎಂದು ಎದ್ದರು.

ಹೆಚ್ಚುವರಿ ಅಂಚೆ ವೆಚ್ಚವನ್ನು ಬೇಕರಿಯವನ ತಲೆಗೆ ಕಟ್ಟಲಿಲ್ಲ. ತಪ್ಪು ನಮ್ಮದು, ನಾವೇ ತುಂಬಿದೆವು. ಗಡಿಯಾರದ ಸುತ್ತಿಗೆ ದಾರಿಯಲ್ಲಿ ಅಲ್ಲಾಡಬಾರದೆಂದು ಇವರು ಅದರ ಎರಡೂ ಪಕ್ಕ, ಗಂಟೆಗಳ ಸಂದಿಗೆ, ಬೆಂಡಿನ ಚೂರು ಸಿಕ್ಕಿಸಿದರು. ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ, ನಡುವೆ ಒತ್ತಾಗಿ ಕಾಗದ. 'ಬೆಂಡು ತೆಗೆದು ಕೀ ಕೊಡಿ' ಎಂದು ಮಗಳು ಅವನ ಭಾಷೆಯಲ್ಲಿ ಒಂದು ಚೀಟಿ ಇಟ್ಟಳು. ಅಂಚೆ ಕಚೇರಿಯ ಅದೇ ಹೆಂಗಸು ನನ್ನನ್ನು ಕಂಡು ಎದ್ದು ನಿಂತಳು. ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿದಳು. ಕೇಳಿದ ಮೇಲೆಯೇ ತೂಕಕ್ಕೆ ಇಟ್ಟಳು.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ! ಹೊರದೇಶಕ್ಕೆ ಕಳಿಸುವುದೇ ಬೇಡ ಎಂದವರು ಊಟದ ತಟ್ಟೆಯ ಮುಂದೆಯೂ "ಎಲ್ಲಿಗೆ ಬಂತಂತೆ?" ಎನ್ನುವರು. ಪಾರ್ಸೆಲ್ ಆ ದೇಶದ ಕಸ್ಟಮ್ಸ್ ತಪಾಸಣೆಯಲ್ಲಿ ಕೂತೇ ಕೂತಿತು. ಫೋನಿನಲ್ಲಿ ಅದೇ ಸಾಲು, ದಿನವೂ ಅದೇ. "ಹೀಗೆ ತಡ ಆಗೋದುಂಟು, ಬೇಕರಿಯವನಿಗೂ ಮೊದಲೇ ತಿಳಿಸಿಡಿ" ಎಂದು ಗುಂಡಿ ಅಕ್ಕ ಹೇಳಿದ್ದರಿಂದ ಅವನು ಸುಮ್ಮನಿದ್ದ. ಇವರನ್ನು ಸುಮ್ಮನಿರಿಸುವುದೇ ಕಷ್ಟವಾಗಿತ್ತು.

ಕೊನೆಗೂ ಪಾರ್ಸೆಲ್ ತಲುಪಿತು. ಮಾರನೆಯ ದಿನ ಅವನ ದೂರು ಬಂತು. 'ಗಡಿಯಾರ ಮೆಲ್ಲಗೆ ಹೊಡೆಯುತ್ತದೆ. ನನಗೆ ಎಚ್ಚರವಾಗಲಿಲ್ಲ. ಬೇಕರಿ ತಡವಾಗಿ ತೆರೆದೆ. ಕೆಟ್ಟ ಮಾಲು. ಹಣ ವಾಪಸ್ ಕೊಡಿ.' ಜೊತೆಗೊಂದು ವಿಡಿಯೊ.

ಮಗಳು ಅಳುವುದೊಂದು ಬಾಕಿ. ಅಂದೇ ಆ ಕುರ್ಚಿಯವನೂ ಟೇಪು ಹಿಡಿದು ಬಾಗಿಲಲ್ಲಿ ನಿಂತಿರಬೇಕೇ! ಇವರು ಅವನ ಕಡೆಗೆ ನೋಡಲೂ ಇಲ್ಲ.

"ನನ್ನ ಗಡಿಯಾರ ಮೆಲ್ಲಗೆ ಹೊಡೆಯುತ್ತಾ? ಕೊಡಿಲ್ಲಿ ಫೋನು."

ಕಿವಿಗೆ ಒತ್ತಿಕೊಂಡು ಕೇಳಿದರು. ಇನ್ನೊಮ್ಮೆ ಕೇಳಿದರು. ಗಂಟೆಯ ಸದ್ದು ಒಂದು ಬಾರಿ ಟಣ್ ಅಂದರೆ ಮರುಬಾರಿ ದಪ್ ಅನ್ನುತ್ತಿತ್ತು. ಟಣ್, ದಪ್, ಟಣ್, ದಪ್.

"ಅಯ್ಯೋ ಪುಣ್ಯಾತ್ಮ!" ಎಂದು ಹಣೆ ಚಚ್ಚಿಕೊಂಡರು. "ಒಂದೇ ಬೆಂಡು ತೆಗೆದಿದ್ದಾನೆ! ಎಡಗಡೆದು ಅಲ್ಲೇ ಇದೆ! ಬರಿ ಮಗಳೇ, ಬರಿ, ಎಡಗಡೆದು ತೆಗಿ ಅಂತ ಬರಿ!"

ಮಗಳು ನಮ್ಮ ವಿಡಿಯೊದಲ್ಲಿ ಎರಡೂ ಬೆಂಡು ಕಾಣುವ ಜಾಗವನ್ನು ಚಿತ್ರವಾಗಿ ತೆಗೆದು, ಕೆಂಪು ಗೆರೆಯಲ್ಲಿ ಸುತ್ತಿ ಕಳಿಸಿದಳು. ನಾವು ಕಾದೆವು. ಕುರ್ಚಿಯವನೂ ಏಕೆಂದು ತಿಳಿಯದೆಯೇ ಕಾದ. ಫೋನು ಗುಂಯ್ ಎಂದಿತು, ಅವನ ಇನ್ನೊಂದು ವಿಡಿಯೊ. ಮಗಳು ಒತ್ತಿದಳು.

ಸಮುದ್ರದಾಚೆಯಿಂದ ಎರಡೂ ಗಂಟೆಗಳು ಒಟ್ಟಿಗೆ ಹೊಡೆದವು. ಅಂಚೆ ಕಚೇರಿಯನ್ನು ಎಬ್ಬಿಸಿದ್ದ ಅದೇ ಸದ್ದು. ಅದರ ಹಿಂದೆಯೇ ಕೈಯೆಲ್ಲ ಹಿಟ್ಟು ಮೆತ್ತಿಕೊಂಡ ಒಬ್ಬ ಮನುಷ್ಯ ಕಿವಿ ಮುಚ್ಚಿಕೊಂಡು ನಗುತ್ತಿದ್ದ. ಕೆಳಗೆ ಬರೆದಿದ್ದ: 'ಕ್ಷಮಿಸಿ. ಹಣ ಬೇಡ. ಇದು ನಿಜವಾಗಿಯೂ ಬೈಯುತ್ತದೆ.'

ಇವರು ಫೋನು ಕೆಳಗಿಟ್ಟರು. ಕಣ್ಣು ಒರೆಸಿಕೊಂಡರೋ, ಭೂತಗನ್ನಡಿ ಹಾಕಿಕೊಂಡರೋ, ನಾನು ಸರಿಯಾಗಿ ನೋಡಲಿಲ್ಲ.

"ಮುಂದಿನದಕ್ಕೆ ಬೆಂಡಿಗೆ ಉದ್ದ ಕೆಂಪು ದಾರ ಕಟ್ಟೋಣ" ಎಂದರು. "ಕುರುಡನಿಗೂ ಕಾಣಬೇಕು. ಚೀಟಿ ಬೇಡ, ಚಿತ್ರನೇ ಇಡು."

ಮುಂದಿನದಕ್ಕೆ! ನಾನು ಕುರ್ಚಿಯವನ ಕಡೆ ತಿರುಗಿದೆ. "ನೋಡಪ್ಪ, ಆ ಟೇಪು ಜೇಬಿಗೆ ಹಾಕ್ಕೋ. ಈ ಕೋಣೆ ಖಾಲಿ ಇಲ್ಲ."

ಅಕ್ಕ ತಂಗಿಯರೇ, ಮನೆಯ ಮೂಲೆಯಲ್ಲಿ ಕೂತು ಏನಾದರೊಂದು ಮಾಡಿ ಮಾರುವವರು ನಮ್ಮಲ್ಲಿ ಬಹಳ ಮಂದಿ. ದೂರದೇಶದಿಂದ ಯಾರಾದರೂ 'ಕಳಿಸುತ್ತೀರಾ?' ಎಂದು ಕೇಳಿದರೆ ಹೆದರಿ ಬೇಡವೆನ್ನಬೇಡಿ. ಆಸೆಗೆ ಬಿದ್ದು ಎಲ್ಲರಿಗೂ ಹೂಂ ಎನ್ನಲೂಬೇಡಿ. ಒಡೆಯುವ, ಕೆಡುವ, ನಿಷೇಧವಿರುವ ಸಾಮಾನಾದರೆ ಇಲ್ಲವೆನ್ನುವುದೇ ಜಾಣತನ. ಕಳಿಸುವುದಾದರೆ ಹರಾಜಿಗೆ ಹಾಕುವ ಮುಂಚೆಯೇ ತೂಕ ಮಾಡಿ, ಅಂಚೆಯಲ್ಲಿ ದರ ಕೇಳಿ, ನಿಮಗೆ ನಂಬಿಕೆಯಿರುವ ಕೆಲವೇ ದೇಶಗಳಿಂದ ಆರಂಭಿಸಿ. ಟ್ರ್ಯಾಕಿಂಗ್ ಇಲ್ಲದೆ ಕಳಿಸಬೇಡಿ. ಯಾರು ಎಷ್ಟೇ ಗೋಗರೆದರೂ ಸುಳ್ಳು ಬೆಲೆ ಬರೆಯಬೇಡಿ. ಪೆಟ್ಟಿಗೆ ಮುಚ್ಚುವ ಮುನ್ನ ಒಳಗಿರುವುದನ್ನು ವಿಡಿಯೊ ಮಾಡಿ. ದೂರು ಬಂದರೆ ಕೂಡಲೇ ಕುಗ್ಗಬೇಡಿ, ಒಮ್ಮೆ ಕಿವಿಗೊಟ್ಟು ಕೇಳಿ. ಎಡಗಡೆಯ ಬೆಂಡು ಅಲ್ಲೇ ಉಳಿದಿರಬಹುದು.

ಮತ್ತೆ, ಅಂಚೆ ಕಚೇರಿಗೆ ಹೊರಡುವ ಮುಂಚೆ ಪೆಟ್ಟಿಗೆಗೆ ನೀವೇ ಒಮ್ಮೆ ಕಿವಿಯಿಡಿ. ನನ್ನಂತೆ ಎಲ್ಲರೆದುರು ಬೀಗದ ಕೈಯಲ್ಲಿ ಟೇಪು ಕೊಯ್ಯುವ ಪಾಡು ನಿಮಗೆ ಬೇಡ.